ಚಿಕಿತ್ಸೆ ನಡೆಯುತ್ತಿರುವಾಗಲೇ ಮಗ ಮತ್ತೆ ಗಾಂಜಾ ಸೇದಿದ್ದಾನೆ, ಈಗೇನು ಮಾಡುವುದು?

ಪ್ರಶ್ನೆ: ನನ್ನ ಮಗನಿಗೆ ಹದಿನೇಳು ವರ್ಷ, ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗ. ಒಂದು ವರ್ಷದಿಂದ ಗಾಂಜಾ ಸೇದುತ್ತಿದ್ದ ಎಂಬುದು ಹಾಜರಾತಿ ಕಡಿಮೆಯಾಗಿದೆ ಎಂದು ಕಾಲೇಜಿನವರು ಕರೆದಾಗಲೇ ನಮಗೆ ತಿಳಿದದ್ದು. ಮನೋವೈದ್ಯರ ಸಲಹೆಯಂತೆ ಎರಡು ವಾರ ಆಸ್ಪತ್ರೆಯಲ್ಲಿ ಇದ್ದ. ಈಗ ವಾರಕ್ಕೊಮ್ಮೆ ಆಪ್ತಸಮಾಲೋಚನೆಗೆ ಹೋಗುತ್ತಾನೆ. ಮನೆಗೆ ಬಂದು ಒಂದೂವರೆ ತಿಂಗಳಾದ ಮೇಲೆ ಮತ್ತೆ ಒಂದು ಸಲ ಸೇದಿದೆ ಎಂದು ಅವನೇ ಒಪ್ಪಿಕೊಂಡ. ಅಂದಿನಿಂದ ಯಜಮಾನರು ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡಿಸುತ್ತಿದ್ದಾರೆ. ಮೂರು ವಾರ ಕಳೆದ ಮೇಲೆ, ಮೊನ್ನೆ ಪಟ್ಟಿಯ ಮೇಲೆ ಎರಡು ಗೆರೆ ಬಂತೆಂದು ಅವನ ಮೇಲೆ ಕೈ ಮಾಡಿದರು. ಅವನು ಸೇದಿಲ್ಲ ಎಂದು ಆಣೆ ಮಾಡುತ್ತಾನೆ. ಬೇರೆ ಜಿಲ್ಲೆಯ ಒಂದು ಕೇಂದ್ರದಲ್ಲಿ ಆರು ತಿಂಗಳು ಬಿಡಿ, ಫೋನು, ಭೇಟಿ ಏನೂ ಇರುವುದಿಲ್ಲ, ಸರಿಯಾಗಿ ಬರುತ್ತಾನೆ ಎಂದು ನೆಂಟರು ಹೇಳುತ್ತಿದ್ದಾರೆ. ನನ್ನ ಅಣ್ಣ ಮಾತ್ರ, ಗಾಂಜಾ ಗಿಡಮೂಲಿಕೆ, ಸಾಧುಗಳೇ ಸೇದುತ್ತಾರೆ, ಇಷ್ಟೊಂದು ರಂಪ ಬೇಡ ಎನ್ನುತ್ತಾನೆ. ಇದಕ್ಕೆ ಮಾತ್ರೆ ಇಲ್ಲವೇ? ಅವನ ಮೆದುಳಿಗೆ ಶಾಶ್ವತ ತೊಂದರೆ ಆಗಿದೆಯೇ? ಪೊಲೀಸ್ ಪ್ರಕರಣವಾಗುತ್ತದೆಯೇ? ಸಂಬಂಧವಿದೆಯೋ ಇಲ್ಲವೋ ಗೊತ್ತಿಲ್ಲ, ನನ್ನ ಮೈದುನನಿಗೆ ಇಪ್ಪತ್ತರ ವಯಸ್ಸಿನಲ್ಲಿ ಮಾನಸಿಕ ಕಾಯಿಲೆ ಬಂದು ಇವತ್ತಿಗೂ ಮಾತ್ರೆ ತೆಗೆದುಕೊಳ್ಳುತ್ತಾರೆ.

ಉತ್ತರ: ಅಮ್ಮಾ, ಮಿಕ್ಕೆಲ್ಲಕ್ಕಿಂತ ಮೊದಲು ಆ ಎರಡು ಗೆರೆಗಳ ವಿಚಾರ ಇತ್ಯರ್ಥವಾಗಬೇಕು. ಗಾಂಜಾ ಪತ್ತೆಗೆ ಸಿಗುವ ಪಟ್ಟಿಗಳಲ್ಲಿ ಸಾಮಾನ್ಯವಾಗಿ ‘ಸಿ’ ಮತ್ತು ‘ಟಿ’ ಎಂಬ ಎರಡು ಗುರುತುಗಳಿರುತ್ತವೆ. ಎರಡರ ಎದುರೂ ಗೆರೆ ಮೂಡಿದರೆ, ‘ಟಿ’ಯ ಗೆರೆ ಎಷ್ಟೇ ಮಸುಕಾಗಿದ್ದರೂ, ಮೂತ್ರದಲ್ಲಿ ಗಾಂಜಾದ ಅಂಶ ಪರೀಕ್ಷೆಯ ಮಿತಿಗಿಂತ ಕಡಿಮೆ ಇದೆ ಎಂದರ್ಥ. ‘ಸಿ’ಯ ಎದುರು ಮಾತ್ರ ಗೆರೆ ಬಂದು ‘ಟಿ’ ಖಾಲಿ ಉಳಿದರೆ ಗಾಂಜಾ ಇದೆ ಎಂದು ಓದಬೇಕು. ‘ಟಿ’ ಜಾಗದಲ್ಲಿ ಗಾಂಜಾದ ಅಂಶವನ್ನು ಮೊದಲೇ ಲೇಪಿಸಿರುತ್ತಾರೆ. ಪಟ್ಟಿಯಲ್ಲಿರುವ ಬಣ್ಣದ ಪ್ರತಿಕಾಯಗಳು ಹರಿದುಬಂದು ಅಲ್ಲಿ ಅಂಟಿಕೊಂಡಾಗ ಗೆರೆ ಕಾಣುತ್ತದೆ. ಮೂತ್ರದಲ್ಲೇ ಗಾಂಜಾ ಇದ್ದರೆ ಪ್ರತಿಕಾಯಗಳು ದಾರಿಯಲ್ಲೇ ಅದಕ್ಕೆ ಅಂಟಿಕೊಂಡು ಬಿಡುತ್ತವೆ, ಗೆರೆ ಮೂಡುವುದಿಲ್ಲ. ಗರ್ಭ ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಎಂದರೆ ‘ಇದೆ’ ಎಂದು ಓದಿ ರೂಢಿಯಾದವರು ಇಲ್ಲಿ ಎಡವುವುದು ತೀರಾ ಸಹಜ.

ಪೊಟ್ಟಣದೊಳಗಿನ ಚೀಟಿಯನ್ನು ಯಜಮಾನರೂ ನೀವೂ ಒಟ್ಟಿಗೆ ಕುಳಿತು ಓದಿ. ಅದು ನಾನು ಹೇಳಿದ ಬಗೆಯದ್ದೇ ಆಗಿದ್ದರೆ, ಮೊನ್ನೆ ನಿಮ್ಮ ಮಗ ನಿಜ ಹೇಳಿ ಏಟು ತಿಂದಿದ್ದಾನೆ. ಹಾಗಿದ್ದಲ್ಲಿ ತಂದೆ ಅವನನ್ನು ಕೂರಿಸಿಕೊಂಡು ‘ನಾನು ತಪ್ಪಾಗಿ ಓದಿದೆ, ಕೈ ಮಾಡಬಾರದಿತ್ತು’ ಎಂದು ಸ್ಪಷ್ಟವಾಗಿ ಹೇಳಬೇಕು. ಇದರಿಂದ ತಂದೆಯ ಗೌರವ ಕುಂದುವುದಿಲ್ಲ. ಹುಡುಗನ ಚಿಕಿತ್ಸೆಗೆ ಈ ವಾರ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ಇನ್ನೊಂದು ಮಾತು. ಗಾಂಜಾದ ಮುಖ್ಯ ಮಾದಕ ಅಂಶ ಕೊಬ್ಬಿನಲ್ಲಿ ಕರಗಿ ಶೇಖರವಾಗುತ್ತದೆ, ನಿಧಾನವಾಗಿ ಹೊರಬರುತ್ತದೆ. ಅಪರೂಪಕ್ಕೆ ಸೇದಿದವರಲ್ಲಿ ಮೂರು ನಾಲ್ಕು ದಿನಗಳಲ್ಲಿ ಪರೀಕ್ಷೆ ಸ್ವಚ್ಛವಾಗಬಹುದು. ದಿನವೂ ಸೇದುತ್ತಿದ್ದವರಲ್ಲಿ ಬಿಟ್ಟು ಒಂದು ತಿಂಗಳಾದರೂ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ಅಂಶ ಸಿಗುತ್ತಲೇ ಇರಬಹುದು. ಆದ್ದರಿಂದ ಒಂದು ದಿನದ ಪಟ್ಟಿ ‘ನಿನ್ನೆ ಸೇದಿದ್ದಾನೆಯೇ’ ಎಂಬ ಪ್ರಶ್ನೆಗೆ ಉತ್ತರ ಕೊಡಲಾರದು. ಪರೀಕ್ಷೆ ಬೇಕೇ ಬೇಕು ಎನಿಸಿದರೆ ಚಿಕಿತ್ಸೆ ಕೊಡುತ್ತಿರುವವರು ತಮ್ಮಲ್ಲಿ, ಹುಡುಗನಿಗೆ ಮೊದಲೇ ತಿಳಿಸಿ ಮಾಡಲಿ. ಶೌಚಾಲಯದ ಬಾಗಿಲಲ್ಲಿ ಕಾಯುವ ಕೆಲಸದಿಂದ ತಂದೆ ಬಿಡುಗಡೆಯಾಗಲಿ. ಆ ಕೆಲಸ ಒಮ್ಮೆ ಶುರುವಾದರೆ ತಂದೆ ಮಗನ ನಡುವೆ ಬೇರೆ ಮಾತೇ ಉಳಿಯುವುದಿಲ್ಲ.

ಈಗ ಒಂದೂವರೆ ತಿಂಗಳಾದ ಮೇಲೆ ಸೇದಿದ ಆ ಒಂದು ಸಲದ ಬಗ್ಗೆ. ಚಿಕಿತ್ಸೆ ವ್ಯರ್ಥವಾಯಿತು ಎಂದು ನೀವು ಬರೆದಿಲ್ಲ, ಆದರೆ ಪತ್ರದ ಪ್ರತಿ ಸಾಲಿನ ಹಿಂದೆ ಆ ಭಯ ಇದೆ. ಹದಿಹರೆಯದ ಗಾಂಜಾ ವ್ಯಸನಕ್ಕೆ ಚಿಕಿತ್ಸೆ ಪಡೆದವರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಆರು ನೂರು ಮಕ್ಕಳು, ಐದು ಬಗೆಯ ಚಿಕಿತ್ಸೆ. ಐದು ಭೇಟಿಗಳ ಚಿಕ್ಕ ಆಪ್ತಸಮಾಲೋಚನೆಯಿಂದ ಹಿಡಿದು ಇಡೀ ಕುಟುಂಬವನ್ನು ಒಳಗೊಳ್ಳುವ ದೀರ್ಘ ಚಿಕಿತ್ಸೆಯವರೆಗೆ ಎಲ್ಲವೂ ಗಣನೀಯ ಪ್ರಯೋಜನ ಕೊಟ್ಟವು, ಸೇದದ ದಿನಗಳು ಎಲ್ಲ ಗುಂಪುಗಳಲ್ಲೂ ಹೆಚ್ಚಿದವು. ಆದರೂ ಒಂದು ವರ್ಷದ ಕೊನೆಗೆ ಸಂಪೂರ್ಣ ಚೇತರಿಕೆಯ ಸ್ಥಿತಿಯಲ್ಲಿದ್ದವರು ಸುಮಾರು ಕಾಲು ಭಾಗ. ಉಳಿದವರಲ್ಲಿ ಬಹಳಷ್ಟು ಮಂದಿ ಬಿಡುವುದು, ಜಾರುವುದು, ಮತ್ತೆ ಬಿಡುವುದು, ಹೀಗೆ ನಡೆದರು. ಈ ಅಂಕಿ ಕೇಳಿ ಎದೆಗುಂದಬೇಡಿ. ಒಮ್ಮೆ ಜಾರಿದ ಹುಡುಗನನ್ನು ಕೈಬಿಟ್ಟರೆ ಮುಂದೆ ಬಿಡಬಹುದಾಗಿದ್ದವರನ್ನೂ ಕಳೆದುಕೊಳ್ಳುತ್ತೇವೆ ಎಂಬುದೇ ಅದರ ತಾತ್ಪರ್ಯ. ನಿಮ್ಮ ಮಗ ಒಂದೂವರೆ ತಿಂಗಳು ಸೇದದೆ ಇದ್ದ, ಜಾರಿದ್ದನ್ನು ತಾನಾಗಿ ಹೇಳಿದ, ವಾರವಾರ ಸಮಾಲೋಚನೆಗೆ ಹೋಗುತ್ತಿದ್ದಾನೆ. ನನ್ನ ಲೆಕ್ಕದಲ್ಲಿ ಇದು ಚೆನ್ನಾಗಿ ನಡೆಯುತ್ತಿರುವ ಚಿಕಿತ್ಸೆ.

ಜಾರಿದ ದಿನದಿಂದ ಸಮಾಲೋಚಕರಿಗೆ ಬೇಕಾಗಿರುವುದು ವಿವರ. ಆ ದಿನ ಏನಾಗಿತ್ತು? ಕಿರುಪರೀಕ್ಷೆಯ ಅಂಕ ಬಂದಿತ್ತೇ, ಮನೆಯಲ್ಲಿ ಜಗಳವಾಗಿತ್ತೇ, ಹಳೆಯ ಗೆಳೆಯ ಬೈಕಿನಲ್ಲಿ ಬಂದು ಕರೆದನೇ, ಎರಡು ರಾತ್ರಿ ನಿದ್ದೆ ಇರಲಿಲ್ಲವೇ? ಈ ವಯಸ್ಸಿನ ಹುಡುಗರನ್ನು ನಾನು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಾಗ ‘ಮಜಾಕ್ಕೆ’ ಎಂಬ ಉತ್ತರ ಮೊದಲ ಹತ್ತು ನಿಮಿಷ ಮಾತ್ರ. ಆಮೇಲೆ ಬರುವುದು ಬೇರೆ. ರಾತ್ರಿ ಸೇದಿದರೆ ಮಾತ್ರ ತಲೆಯೊಳಗಿನ ಗದ್ದಲ ನಿಂತು ನಿದ್ದೆ ಬರುತ್ತದೆ ಎನ್ನುತ್ತಾರೆ. ನಾಲ್ಕು ಜನರ ನಡುವೆ ಮಾತನಾಡಲು ಧೈರ್ಯ ಬರುತ್ತದೆ ಎನ್ನುತ್ತಾರೆ. ಓದಲು ಕುಳಿತರೆ ಮನಸ್ಸು ನಿಲ್ಲುವುದಿಲ್ಲ, ಚಿಕ್ಕಂದಿನಿಂದಲೂ ಹೀಗೇ ಎನ್ನುವವರೂ ಇದ್ದಾರೆ. ಖಿನ್ನತೆ, ಆತಂಕ, ಗಮನ ಕೊರತೆಯ ತೊಂದರೆ ಇವುಗಳಲ್ಲಿ ಯಾವುದಾದರೂ ಒಳಗೆ ಇದ್ದು, ಅದಕ್ಕೆ ಚಿಕಿತ್ಸೆ ಸಿಗದಿದ್ದರೆ ಗಾಂಜಾ ಬಿಡಿಸುವ ಪ್ರಯತ್ನ ಪದೇ ಪದೇ ಸೋಲುತ್ತದೆ. ಇದನ್ನೆಲ್ಲ ಹುಡುಗ ನಿಮ್ಮೆದುರು ಹೇಳಲಾರ. ವೈದ್ಯರು ಅವನೊಬ್ಬನ ಜೊತೆ ಮಾತನಾಡುವಾಗ ದಯವಿಟ್ಟು ಹೊರಗೆ ಕುಳಿತಿರಿ, ಬಂದ ಮೇಲೆ ‘ಏನು ಕೇಳಿದರು, ಏನು ಹೇಳಿದೆ’ ಎಂದು ಕೆದಕಬೇಡಿ.

ಬಿಟ್ಟ ಮೇಲಿನ ದಿನಗಳ ಬಗ್ಗೆ ಪೋಷಕರಿಗೆ ಯಾರೂ ಸರಿಯಾಗಿ ತಿಳಿಸಿರುವುದಿಲ್ಲ. ಮದ್ಯ ಬಿಟ್ಟವರ ಹಾಗೆ ಕೈ ನಡುಕ, ಜನ್ನಿ ಇಲ್ಲಿ ಬರುವುದಿಲ್ಲ ಎಂಬ ಕಾರಣಕ್ಕೆ ಗಾಂಜಾ ಬಿಟ್ಟರೆ ಏನೂ ಆಗುವುದಿಲ್ಲ ಎಂಬ ತಪ್ಪು ನಂಬಿಕೆ ಬಹಳ ಕಾಲ ವೈದ್ಯರಲ್ಲೂ ಇತ್ತು. ವಾಸ್ತವದಲ್ಲಿ ಒಂದೆರಡು ದಿನಗಳಲ್ಲೇ ಸಿಡಿಮಿಡಿ ಶುರುವಾಗುತ್ತದೆ, ಊಟ ಸೇರುವುದಿಲ್ಲ, ಬೆವರು, ಚಡಪಡಿಕೆ. ಮೊದಲ ವಾರದಲ್ಲಿ ಇದು ತುತ್ತತುದಿಗೆ ಹೋಗಿ ಎರಡನೇ ವಾರದ ಹೊತ್ತಿಗೆ ಇಳಿಯುತ್ತದೆ. ನಿದ್ದೆ ಮಾತ್ರ ತಿಂಗಳುಗಟ್ಟಲೆ ಕೆಟ್ಟಿರಬಹುದು. ಜೊತೆಗೆ ತೀರಾ ಸ್ಪಷ್ಟವಾದ, ಬೆಚ್ಚಿಬೀಳಿಸುವ ಕನಸುಗಳು. ಗಾಂಜಾ ಕನಸಿನ ನಿದ್ದೆಯನ್ನು ಅದುಮಿಟ್ಟಿರುತ್ತದೆ, ಬಿಟ್ಟಾಗ ಅದು ಒಮ್ಮೆಲೇ ನುಗ್ಗಿ ಬರುತ್ತದೆ. ಕನಸಿನಲ್ಲಿ ಸೇದಿ, ಎದ್ದು ‘ನಾನು ಮತ್ತೆ ಕೆಟ್ಟೆನಲ್ಲ’ ಎಂದು ಅಳುವ ಮಕ್ಕಳಿದ್ದಾರೆ. ನಿಮ್ಮ ಮಗ ರಾತ್ರಿ ಎರಡು ಗಂಟೆಗೆ ಹಜಾರದಲ್ಲಿ ಓಡಾಡುತ್ತಿದ್ದರೆ ಅನುಮಾನದಿಂದ ಜೇಬು ತಡಕುವ ಬದಲು ‘ನಿದ್ದೆ ಬರಲಿಲ್ಲವೇನೋ’ ಎಂದು ಕೇಳಿ, ಒಂದು ಲೋಟ ಬಿಸಿ ಹಾಲು ಕೊಡಿ. ಬೆಳಿಗ್ಗೆ ಏಳುವ ಹೊತ್ತು ಮಾತ್ರ ಬದಲಾಗದಿರಲಿ. ನಿದ್ದೆಯ ತೊಂದರೆಯನ್ನು ವೈದ್ಯರಿಗೆ ಹೇಳಿ. ಅಂಗಡಿಯಿಂದ ನೀವಾಗಿ ನಿದ್ದೆ ಮಾತ್ರೆ ತರಬೇಡಿ. ಅದು ಎರಡನೇ ವ್ಯಸನವಾಗಬಹುದು.

ತಂಬಾಕನ್ನೂ ಮರೆಯಬೇಡಿ. ನಮ್ಮ ಹುಡುಗರಲ್ಲಿ ಹೆಚ್ಚಿನವರು ಸಿಗರೇಟಿನ ತಂಬಾಕಿಗೆ ಗಾಂಜಾ ಬೆರೆಸಿ ತುಂಬಿ ಸೇದುತ್ತಾರೆ. ಗಾಂಜಾ ಬಿಟ್ಟ ಹುಡುಗ ಸಿಗರೇಟು ಮುಂದುವರಿಸಿದರೆ ಅದೇ ಗೂಡಂಗಡಿ, ಅದೇ ಗುಂಪು, ಅದೇ ಬೆರಳಿನ ಅಭ್ಯಾಸ ಉಳಿಯುತ್ತದೆ. ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೇಳಿ.

ಮಾತ್ರೆ ಇದೆಯೇ ಎಂದರೆ, ಗಾಂಜಾದ ಚಟವನ್ನೇ ಬಿಡಿಸುವ ಅನುಮೋದಿತ ಔಷಧ ಇದುವರೆಗೆ ಜಗತ್ತಿನಲ್ಲಿ ಇಲ್ಲ. ಎನ್-ಅಸೆಟೈಲ್ ಸಿಸ್ಟೀನ್ ಎಂಬ ಔಷಧ 2012ರಲ್ಲಿ ಹದಿಹರೆಯದವರ ಒಂದು ಸಣ್ಣ ಪ್ರಯೋಗದಲ್ಲಿ ಭರವಸೆ ಮೂಡಿಸಿತ್ತು, ವಯಸ್ಕರ ಮೇಲಿನ ದೊಡ್ಡ ಪ್ರಯೋಗದಲ್ಲಿ ಆ ಫಲ ಕಾಣಲಿಲ್ಲ. ನಿದ್ದೆಗೆ, ಖಿನ್ನತೆಗೆ, ಗಮನ ಕೊರತೆಗೆ ವೈದ್ಯರು ಕೊಡುವ ಮಾತ್ರೆಗಳು ಬೇರೆ, ಅವು ಬೇಕಾದಾಗ ಬೇಕು. ‘ಊಟದಲ್ಲಿ ಗೊತ್ತಾಗದಂತೆ ಬೆರೆಸಿ, ಚಟ ಬಿಡಿಸಿ’ ಎಂಬ ಜಾಹೀರಾತಿನ ಪುಡಿ, ಹನಿಗಳನ್ನು ಮನೆಯೊಳಗೆ ಸೇರಿಸಬೇಡಿ. ಅದರಲ್ಲಿ ಏನಿದೆ ಎಂದು ನಿಮಗೆ ತಿಳಿಯುವುದಿಲ್ಲ. ಮಗನಿಗೆ ತಿಳಿದ ದಿನ ಅವನು ನಿಮ್ಮ ಕೈಯ ಊಟವನ್ನೂ ನಂಬುವುದಿಲ್ಲ.

ಆರು ತಿಂಗಳ ಕೇಂದ್ರದ ವಿಚಾರದಲ್ಲಿ ನನ್ನ ಉತ್ತರ ನೇರವಾಗಿದೆ: ಬೇಡ. ಇದು ನನ್ನ ಅಭಿಪ್ರಾಯವಷ್ಟೇ ಅಲ್ಲ, ಕಾನೂನೂ ಹಾಗೆಯೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳೂ ಸೇರಿವೆ. ಹದಿನೆಂಟು ತುಂಬದವರನ್ನು ಅಸಾಧಾರಣ ಸಂದರ್ಭದಲ್ಲಿ ಮಾತ್ರ ಒಳರೋಗಿಯಾಗಿ ಸೇರಿಸಿಕೊಳ್ಳಬಹುದು. ಅದಕ್ಕೂ ಮುನ್ನ ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಿರಬೇಕು, ಅವರಲ್ಲಿ ಒಬ್ಬರಾದರೂ ಮನೋವೈದ್ಯರಾಗಿರಬೇಕು. ಮಕ್ಕಳನ್ನು ದೊಡ್ಡವರಿಂದ ಪ್ರತ್ಯೇಕವಾಗಿ ಇಡಬೇಕು. ಪೋಷಕರು ಅಥವಾ ಅವರು ನೇಮಿಸಿದವರು ಇಡೀ ಅವಧಿ ಜೊತೆಗಿರಬೇಕು. ಸೇರಿಸಿದ 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು, ಮೂವತ್ತು ದಿನ ದಾಟಿದರೆ ಮಂಡಳಿಯೇ ಪರಿಶೀಲಿಸಬೇಕು. ಸರಪಳಿ ಹಾಕುವುದು, ಒಂಟಿ ಕೋಣೆಯಲ್ಲಿ ಕೂಡಿಹಾಕುವುದು ಎರಡೂ ನಿಷಿದ್ಧ. ‘ಆರು ತಿಂಗಳು ಭೇಟಿ ಇಲ್ಲ’ ಎನ್ನುವ ಜಾಗ ಈ ಯಾವ ಶರತ್ತನ್ನೂ ಪಾಲಿಸುತ್ತಿಲ್ಲ ಎಂಬುದು ಆ ಮಾತಿನಲ್ಲೇ ಸ್ಪಷ್ಟವಾಗಿದೆ. ಇಂಥ ಜಾಗಗಳಿಂದ ಬಂದ ಹುಡುಗರ ಬೆನ್ನಿನ ಮೇಲಿನ ಗುರುತುಗಳನ್ನು ನೋಡಿದ್ದೇನೆ. ಮದ್ಯ, ಹೆರಾಯಿನ್ ವ್ಯಸನದ ನಲವತ್ತರ ಗಂಡಸರ ನಡುವೆ ಹದಿನೇಳರ ಹುಡುಗ ಆರು ತಿಂಗಳಲ್ಲಿ ಏನೇನು ಕಲಿತು ಬರುತ್ತಾನೆ ಎಂಬುದನ್ನೂ ನೋಡಿದ್ದೇನೆ. ಮತ್ತೆ ದಾಖಲಾತಿ ಬೇಕಾದ ಸಂದರ್ಭ ಬಂದರೆ ಅದನ್ನು ನಿಮ್ಮ ಮನೋವೈದ್ಯರು ನಿರ್ಧರಿಸಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ, ಧಾರವಾಡದ ಡಿಮ್ಹಾನ್ಸ್ ಇದೆ, ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. ಖಾಸಗಿ ಕೇಂದ್ರವೇ ಆಗಲಿ ಎಂದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ಕೇಳಿ. ಕೊಡಲು ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನು ನಿಮ್ಮ ಅಣ್ಣನ ಮಾತು. ಉತ್ತರ ಕರ್ನಾಟಕದ ಕೆಲವು ಮಠ, ಜಾತ್ರೆಗಳಲ್ಲಿ ಭಂಗಿ ಸೇದುವ ಪದ್ಧತಿ ಹಿಂದಿನಿಂದ ಇರುವುದು ನಿಜ. ಎಲ್ಲರೂ ಹಾಳಾಗುವುದಿಲ್ಲ ಎಂಬುದೂ ನಿಜ, ಸೇದಿದ ಹತ್ತರಲ್ಲಿ ಒಬ್ಬರಿಗೆ ಮಾತ್ರ ಅದು ವ್ಯಸನವಾಗುತ್ತದೆ ಎನ್ನುವುದು ಸ್ಥೂಲ ಅಂದಾಜು. ಆದರೆ ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಆ ಪ್ರಮಾಣ ಆರರಲ್ಲಿ ಒಬ್ಬರಿಗೆ ಏರುತ್ತದೆ. ಮೇಲಾಗಿ ಇಂದು ಬರುವ ಮಾಲು ಒಂದೇ ತೆರನಾಗಿಲ್ಲ. ಬ್ಯಾಂಕಾಕ್‌ನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದು ಸಿಕ್ಕಿಬೀಳುವ ‘ಹೈಡ್ರೋ ಗಾಂಜಾ’ದ ಸುದ್ದಿಯನ್ನು ಅವರೂ ಓದಿರಬಹುದು. ನೀರಿನಲ್ಲಿ, ಕೃತಕ ಬೆಳಕಿನಲ್ಲಿ ಬೆಳೆಸುವ ಆ ತಳಿಗಳಲ್ಲಿ ಮಾದಕ ಅಂಶ ಹೊಲದ ಬದುವಿನ ಗಿಡಕ್ಕಿಂತ ಹೆಚ್ಚು.

ಇದಕ್ಕಿಂತ ಮುಖ್ಯವಾದದ್ದು ನೀವು ಪತ್ರದ ಕೊನೆಯಲ್ಲಿ, ಸಂಬಂಧವಿದೆಯೋ ಇಲ್ಲವೋ ಎಂದು ಅನುಮಾನಿಸುತ್ತಾ ಬರೆದ ಸಾಲು. ಸಂಬಂಧವಿದೆ. ನಿಮ್ಮ ಮೈದುನನಿಗೆ ಬಂದದ್ದು ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಬುಡವಿಲ್ಲದ ಅನುಮಾನ ಕಾಡುವ ಮನೋರೋಗ) ಅಥವಾ ಅದರ ಜಾತಿಯ ಕಾಯಿಲೆಯಾಗಿದ್ದರೆ, ನಿಮ್ಮ ಮಗನಿಗೆ ಗಾಂಜಾ ಬೇರೆ ಹುಡುಗರಿಗಿಂತ ಹೆಚ್ಚು ಅಪಾಯಕಾರಿ. ಸ್ವೀಡನ್ನಿನಲ್ಲಿ ಸೇನೆಗೆ ಕರೆಸಿದ 45 ಸಾವಿರಕ್ಕೂ ಹೆಚ್ಚು ಯುವಕರನ್ನು ಹದಿನೈದು ವರ್ಷ ಹಿಂಬಾಲಿಸಿದ ಅಧ್ಯಯನ 1987ರಲ್ಲಿ ಹೊರಬಂತು. ಹದಿನೆಂಟರ ಹೊತ್ತಿಗೆ ಐವತ್ತಕ್ಕಿಂತ ಹೆಚ್ಚು ಸಲ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಬಂದ ಪ್ರಮಾಣ ಸೇದದವರ ಆರು ಪಟ್ಟು. ಬೇರೆ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅಂತರ ಕಡಿಮೆಯಾಯಿತು, ಅಳಿಸಿಹೋಗಲಿಲ್ಲ. ನಂತರದ ಅನೇಕ ಅಧ್ಯಯನಗಳೂ ಅದೇ ದಿಕ್ಕಿಗೆ ಬೊಟ್ಟು ಮಾಡಿವೆ. ಸೇದಿದವರಲ್ಲಿ ಬಹುಪಾಲು ಜನರಿಗೆ ಈ ಕಾಯಿಲೆ ಬರುವುದಿಲ್ಲ. ಆದರೆ ಮನೆತನದಲ್ಲಿ ಇರುವಾಗ, ಎಳೆಯ ವಯಸ್ಸಿನಲ್ಲಿ, ಪದೇ ಪದೇ ಸೇದುವುದು ಸೇರಿದರೆ ಅಪಾಯ ಒಂದರ ಮೇಲೊಂದು ಕೂಡುತ್ತದೆ. ಅಣ್ಣನವರಿಗೆ ಇದನ್ನು ಓದಿ ಹೇಳಿ. ಮಗನಿಗೂ ಹೇಳಬೇಕು, ಹೆದರಿಸುವ ದನಿಯಲ್ಲಿ ಬೇಡ. ‘ಚಿಕ್ಕಪ್ಪನಿಗೆ ಹೀಗಾಗಿತ್ತು, ಹಾಗಾಗಿ ನಿನಗೆ ಇದು ಸಲ್ಲದು’ ಎಂಬ ಸರಳ ಸತ್ಯ ಅವನಿಗೆ ತಿಳಿದಿರಬೇಕು. ಅನೇಕ ಮನೆಗಳಲ್ಲಿ ಚಿಕ್ಕಪ್ಪನ ಕಾಯಿಲೆಯನ್ನು ಮಕ್ಕಳಿಂದ ಮುಚ್ಚಿಡುತ್ತಾರೆ. ನಿಮ್ಮ ಮನೆಯಲ್ಲಿ ಹಾಗಾಗದಿರಲಿ.

ಯಾರೋ ಹಿಂಬಾಲಿಸುತ್ತಿದ್ದಾರೆ, ಫೋನಿನಲ್ಲಿ ತನ್ನನ್ನು ಗಮನಿಸುತ್ತಿದ್ದಾರೆ ಎಂದರೆ, ಒಬ್ಬನೇ ಮಾತನಾಡಿಕೊಂಡರೆ, ಊಟದಲ್ಲಿ ಏನೋ ಬೆರೆಸಿದ್ದೀರಿ ಎಂದು ಅನುಮಾನಿಸಿದರೆ, ಸ್ನಾನ ಬಿಟ್ಟು ಕೋಣೆ ಸೇರಿದರೆ ಮುಂದಿನ ಭೇಟಿಯ ದಿನಕ್ಕೆ ಕಾಯಬೇಡಿ, ಅಂದೇ ಕರೆದೊಯ್ಯಿರಿ. ಸಾಯುವ ಮಾತು ಬಂದರೂ ಅಷ್ಟೇ.

ಮೆದುಳಿನ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದೇ ಪದದಲ್ಲಿ ಉತ್ತರಿಸಲಾಗದು. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಂದಿಯನ್ನು 38ರವರೆಗೆ ಪರೀಕ್ಷಿಸುತ್ತಾ ಬಂದಾಗ, ಹದಿಹರೆಯದಲ್ಲಿ ಶುರು ಮಾಡಿ ವರ್ಷಾನುಗಟ್ಟಲೆ ವ್ಯಸನದಲ್ಲಿ ಉಳಿದವರ ಬುದ್ಧಿಮಟ್ಟದ ಅಂಕ ಎಂಟರಷ್ಟು ಕುಸಿದಿತ್ತು. ಅವಳಿ ಮಕ್ಕಳ ಮೇಲಿನ ನಂತರದ ಅಧ್ಯಯನಗಳು ಆ ಕುಸಿತಕ್ಕೆ ಗಾಂಜಾ ಒಂದೇ ಕಾರಣ ಎಂಬುದನ್ನು ಪ್ರಶ್ನಿಸಿವೆ. ನಿಮ್ಮ ಮಗನಿಗೆ ಹೆಚ್ಚು ಹೊಂದುವುದು ಬಾಸ್ಟನ್ನಿನ 2018ರ ಅಧ್ಯಯನ. 16ರಿಂದ 25 ವಯಸ್ಸಿನವರು ಒಂದು ತಿಂಗಳು ಗಾಂಜಾ ಬಿಟ್ಟಾಗ ಹೊಸದನ್ನು ಕಲಿತು ನೆನಪಿಡುವ ಶಕ್ತಿ ಸುಧಾರಿಸಿತು, ಆ ಸುಧಾರಣೆಯ ಹೆಚ್ಚಿನ ಪಾಲು ಮೊದಲ ವಾರದಲ್ಲೇ ಕಂಡಿತು. ಒಂದು ವರ್ಷ ಸೇದಿ ಬಿಡುತ್ತಿರುವ ಹುಡುಗನಿಗೆ ಇದು ಒಳ್ಳೆಯ ಸುದ್ದಿ. ಓದು ತಲೆಗೆ ಹತ್ತುತ್ತಿಲ್ಲ ಎಂದು ಅವನು ಹತಾಶನಾದಾಗ ಹೇಳಲು ನಿಮ್ಮ ಬಳಿ ಒಂದು ಮಾತಿದೆ. ಪಿಯುಸಿ ಪರೀಕ್ಷೆಯನ್ನು ಅದೇ ವರ್ಷ ಮತ್ತೊಮ್ಮೆ ಬರೆಯುವ ಅವಕಾಶ ಈಗ ಇದೆ. ಈ ವರ್ಷದ ಅಂಕಪಟ್ಟಿಯನ್ನು ಚಿಕಿತ್ಸೆಯ ಮೇಲೆ ಹೇರಬೇಡಿ.

ಪೊಲೀಸರ ಭಯದಿಂದ ಚಿಕಿತ್ಸೆ ನಿಲ್ಲಿಸಬೇಡಿ. ಆಸ್ಪತ್ರೆಯ ದಾಖಲೆ ಗೋಪ್ಯ. ಸೇವನೆ 1985ರ ಮಾದಕ ವಸ್ತು ಕಾಯ್ದೆಯ 27ನೇ ಕಲಮಿನಡಿ ಅಪರಾಧ ನಿಜ, ಆದರೆ ಅದೇ ಕಾಯ್ದೆಯ 64ಎ ಕಲಮು, ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆ ಪಡೆಯುವ ವ್ಯಸನಿಯನ್ನು ಸೇವನೆಯ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ವಿಚಾರಣೆಯಿಂದ ರಕ್ಷಿಸುತ್ತದೆ. ಚಿಕಿತ್ಸೆ ಪೂರ್ಣಗೊಳಿಸದಿದ್ದರೆ ಆ ರಕ್ಷಣೆ ಹಿಂದಕ್ಕೆ ಹೋಗಬಹುದು. ಹದಿನೆಂಟು ತುಂಬದ ಕಾರಣ ಏನೇ ಆದರೂ ವಿಷಯ ಹೋಗುವುದು ಬಾಲನ್ಯಾಯ ಮಂಡಳಿಗೆ. ನಿಮ್ಮ ಮಗನಿಗೆ ಮಾರಿದವರ ಸ್ಥಿತಿ ಬೇರೆ: ಮಗುವಿಗೆ ಮಾದಕ ವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷದವರೆಗೆ ಕಠಿಣ ಶಿಕ್ಷೆ ಇದೆ. ನಾನು ನಿಜಕ್ಕೂ ಆತಂಕಪಡುವುದು ಒಂದೇ ವಿಷಯಕ್ಕೆ. ಸಾಲ ತೀರಿಸಲು ಅಥವಾ ಪುಕ್ಕಟೆ ಮಾಲಿಗಾಗಿ ಹುಡುಗರು ಪೊಟ್ಟಣ ತಲುಪಿಸುವ ಕೆಲಸಕ್ಕೆ ಇಳಿಯುತ್ತಾರೆ. ಯಾರಿಗಾದರೂ ಹಣ ಬಾಕಿ ಇದೆಯೇ ಎಂದು ಮಗನನ್ನು ಕೇಳಿ. ಇದ್ದರೆ ಬೈಯದೆ, ಸಮಾಲೋಚಕರ ಎದುರು ಅದಕ್ಕೊಂದು ದಾರಿ ಹುಡುಕಿ. ಆ ಸಾಲ ಇರುವವರೆಗೆ ಹಳೆಯ ಗುಂಪು ಅವನನ್ನು ಬಿಡುವುದಿಲ್ಲ.

ಮುಂದಿನ ಭೇಟಿಗೆ ಯಜಮಾನರೂ ಬರಲಿ, ಅಂದು ಅರ್ಧ ಗಂಟೆ ನಿಮ್ಮಿಬ್ಬರ ಜೊತೆಗೂ ಮಾತನಾಡುವಂತೆ ಸಮಾಲೋಚಕರನ್ನು ಕೇಳಿ. ಮೈದುನನ ಹಳೆಯ ಆಸ್ಪತ್ರೆ ಚೀಟಿಗಳು ಮನೆಯಲ್ಲಿದ್ದರೆ ಅವನ್ನು ತೆಗೆದುಕೊಂಡು ಹೋಗಿ, ಕಾಯಿಲೆಯ ಹೆಸರು, ಮಾತ್ರೆಗಳ ಹೆಸರು ವೈದ್ಯರ ಕಡತ ಸೇರಲಿ. ಭೇಟಿಗೆ ಮುಂಚೆಯೇ ಏನಾದರೂ ಹೆಚ್ಚುಕಡಿಮೆಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಈ ಎರಡು ಸಂಖ್ಯೆಗಳನ್ನು ಮಗನ ಫೋನಿನಲ್ಲೂ ಉಳಿಸಿಡಿ. ನಿಮಗೆ ಹೇಳಲಾಗದ್ದನ್ನು ಅವನು ಅಲ್ಲಿ ಹೇಳಬಹುದು.